ಬರುವವರ ಪಾಲು

ನನ್ನ ಗಂಡ ಮಾತಿನ ಮಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ಸಂಗತಿಗಳಲ್ಲಿ ಅವರ ಬಾಯಿಂದ ಹೊರಡುವ ಮಾತು ಬೆರಳೆಣಿಕೆಯಷ್ಟು. ಸ್ವೀಡನ್ನಿನ ಶೋವ್ಡೆ ಎಂಬ ಊರಿನ ಎಂಜಿನ್ ಕಾರ್ಖಾನೆಯಲ್ಲಿ ಅವರು ಎಂಜಿನಿಯರ್. ವಿಜಯಪುರದಿಂದ ಹೊಸದಾಗಿ ಬಂದಾಗ, ಬಸ್ ಸ್ಟಾಪಿನಲ್ಲಿ ತಮ್ಮ ಪಾಡಿಗೆ ತಾವು ನಿಂತಿದ್ದ ಸ್ವೀಡನ್ನಿನವರನ್ನೂ ಬಿಡದೆ ಮಾತಾಡಿಸುತ್ತಿದ್ದರು. ಅವರು ಒಂದು ಹೆಜ್ಜೆ ಹಿಂದೆ ಸರಿದರೆ ಇವರು ಒಂದು ಹೆಜ್ಜೆ ಮುಂದೆ ಹೋಗಿ ಹವಾಮಾನದಿಂದ ಹಿಡಿದು ಸಂಬಳದವರೆಗೆ ವಿಚಾರಿಸುತ್ತಿದ್ದರು. "ಸುಮ್ನಿರ್ರಿ, ಪೊಲೀಸರನ್ನ ಕರದಾರು" ಎಂದು ನಾನು ತೋಳು ಜಗ್ಗುತ್ತಿದ್ದೆ.

ಆ ಬಾಯಿ ಒಂದು ಚಳಿಗಾಲದಲ್ಲಿ ಮುಚ್ಚಿತು. ಎರಡು ಸಾವಿರದ ಹದಿನೈದರ ಆಸುಪಾಸಿನ ಮಾತು. ಏಳು ತಿಂಗಳಿಗೇ ನಮಗೆ ಮಗಳು ಹುಟ್ಟಿದಳು, ಉಸಿರಿಲ್ಲದೆ ಹುಟ್ಟಿದಳು. ಊರಾಚೆಯ ಸ್ಮಶಾನದಲ್ಲಿ ಮುಸಲ್ಮಾನರಿಗೆಂದು ಬಿಟ್ಟ ಮೂಲೆಯಲ್ಲಿ, ಹೆಪ್ಪುಗಟ್ಟಿದ ನೆಲ ಅಗೆದು ಮಣ್ಣು ಮಾಡಿ ಬಂದೆವು. ನಾನು ತಿಂಗಳುಗಟ್ಟಲೆ ಅತ್ತೆ, ಸಿಕ್ಕವರ ಮೇಲೆಲ್ಲ ಹರಿಹಾಯ್ದೆ, ಅವ್ವನಿಗೆ ಫೋನ್ ಮಾಡಿ ಮತ್ತೆ ಅತ್ತೆ. ಇವರು ಅಳಲಿಲ್ಲ. ಕೆಲಸಕ್ಕೆ ಹೋದರು, ಬಂದರು. "ಹಾಲು ತರಲೇನು", "ನಾಳೆ ಕಟ್ಟಡದ ಮಷಿನ್ನಿನಲ್ಲಿ ಬಟ್ಟೆ ಒಗೆಯುವ ಪಾಳಿ ನಮ್ಮದು" ಎಂಬಷ್ಟು ಮಾತು ಉಳಿಯಿತು. ಮಗಳ ಸುದ್ದಿ ನಾನು ತೆಗೆದರೆ ಎದ್ದು ಹೋಗಿ ಕಿಟಕಿಯ ಬಳಿ ನಿಲ್ಲುತ್ತಿದ್ದರು.

ನಾನು ಸಹನೆಯ ಹೆಂಗಸಲ್ಲ. ಬೇಸಿಗೆ ಕಳೆಯುವ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಿದ್ದೆ. ಈ ಮನುಷ್ಯ ಮಗಳ ಬಗ್ಗೆ ಒಂದು ಮಾತನ್ನಾದರೂ ಆಡದಿದ್ದರೆ ಚಳಿಗಾಲ ಕಾಲಿಡುವ ಮುಂಚೆ ವಿಜಯಪುರಕ್ಕೆ ಹೋಗಿಬಿಡುವುದು, ತಿರುಗಿ ಬರದೇ ಇರುವುದು. ಅವಳನ್ನು ನಾನೊಬ್ಬಳೇ ನೆನೆಯಬೇಕೆಂದರೆ ಅದಕ್ಕೆ ಇಷ್ಟು ದೂರದ ದೇಶ ಯಾಕೆ, ಅವ್ವನ ಮನೆಯೇ ಸಾಕು. ಇದನ್ನು ಅವರಿಗೂ ಹೇಳಿದೆ. ಅವರು "ಹ್ಞೂಂ" ಎಂದರು. ಆ ಹ್ಞೂಂ ಕೇಳಿ ನನಗೆ ಮೈಯೆಲ್ಲ ಉರಿಯಿತು.

ಸ್ಪೇನಿನ ಪ್ರವಾಸ ಬಂದದ್ದು ಆಗ. ಲೈಬ್ರರಿಯಲ್ಲಿ ವಾರಕ್ಕೊಮ್ಮೆ ನಮ್ಮಂಥವರಿಗೆ ಸ್ವೀಡಿಷ್ ಮಾತಾಡಿಸಲು ಬರುತ್ತಿದ್ದ ಒಬ್ಬ ನಿವೃತ್ತ ಟೀಚರ್ ಇದ್ದರು. ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ಕಲಿಸಿದವರು. ಪ್ರತಿ ಅಕ್ಟೋಬರಿನಲ್ಲಿ ಏಳೆಂಟು ಜನರನ್ನು ಕಟ್ಟಿಕೊಂಡು ದಕ್ಷಿಣ ಸ್ಪೇನಿನ ಊರುಗಳಿಗೆ ಹೋಗಿ, ಅಲ್ಲಿಯ ಗುಡಿಗೋಪುರ ತೋರಿಸಿ, ಅಲ್ಲಿಯ ಊಟ ಉಣ್ಣಿಸಿ ಕರೆತರುತ್ತಿದ್ದರು. ನನ್ನ ಮುಖ ನೋಡಿ, "ನಿಮಗಿಬ್ಬರಿಗೂ ಬಿಸಿಲು ಬೇಕು" ಎಂದರು. ಔಷಧಿ ಚೀಟಿ ಬರೆದುಕೊಟ್ಟ ಹಾಗಿತ್ತು ಅವರ ದನಿ. ನಾನು ಗಂಡನನ್ನು ಕೇಳಲಿಲ್ಲ, ಹೋಗುತ್ತಿದ್ದೇವೆ ಎಂದು ಹೇಳಿದೆ. ಅದಕ್ಕೂ ಹ್ಞೂಂ.

ಗಾಥೆನ್‌ಬರ್ಗಿನಿಂದ ವಿಮಾನ ಹತ್ತಿ ಮಾಲಗಾದಲ್ಲಿ ಇಳಿದಾಗ ಬಿಸಿಲು ಕಣ್ಣು ಕುಕ್ಕಿತು. ಗುಂಪಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಎಲ್ಲರೂ ಪಿಂಚಣಿ ವಯಸ್ಸಿನವರು. ಹೇಳಿದ ಹೊತ್ತಿಗಿಂತ ಮೊದಲೇ ಬಂದು ನಿಂತಿರುವವರು. ಸ್ಪೇನಿನಂಥ ಸ್ಪೇನಿನಲ್ಲಿ, ಹೆಜ್ಜೆಗೊಂದು ಕಾಫಿ ಅಂಗಡಿ ಇರುವಲ್ಲಿ, ಮನೆಯಿಂದ ತಂದ ಕಾಫಿ ಪುಡಿಯಲ್ಲಿ ಹೋಟೆಲ್ ರೂಮಿನಲ್ಲೇ ಕಾಫಿ ಮಾಡಿ ಥರ್ಮಾಸಿಗೆ ತುಂಬಿಕೊಂಡು ಬರುವವರು. ಬೆಳಗ್ಗೆ ಹತ್ತಾದರೆ ಸಾಕು, ಎಲ್ಲಿದ್ದರೆ ಅಲ್ಲೇ, ಕೋಟೆಯ ಮೆಟ್ಟಿಲಾದರೂ ಸರಿ, ಕೂತು ಫಿಕಾ ಮಾಡಲೇಬೇಕು. ಕಾಫಿ, ಜೊತೆಗೊಂದು ಬಿಸ್ಕತ್ತು, ಆಮೇಲೆ ಮೌನ. ನನ್ನ ಗಂಡ ಆ ಮೌನದಲ್ಲಿ ಸೊಗಸಾಗಿ ಹೊಂದಿಕೊಂಡರು. ಎಲ್ಲರೂ ಅವರನ್ನು ಒಳ್ಳೆಯ ಮನುಷ್ಯ ಎಂದು ಮೆಚ್ಚಿದರು.

ಅವರಲ್ಲಿ ಒಬ್ಬ ಅಜ್ಜ ಇದ್ದರು. ಶೋವ್ಡೆಯ ಹತ್ತಿರದ ಹಳ್ಳಿಯಲ್ಲಿ ಜೀವನವೆಲ್ಲ ಹಸು ಸಾಕಿ ಹಾಲು ಮಾರಿದವರು. ಹಿಂದಿನ ವರ್ಷ ಹೆಂಡತಿ ತೀರಿಕೊಂಡಿದ್ದರಂತೆ. ಕೈಗಳು ಮೊರದಷ್ಟು ಅಗಲ. ಬಸ್ಸಿನಲ್ಲಿ ನನ್ನ ಗಂಡನ ಪಕ್ಕವೇ ಕೂರುತ್ತಿದ್ದರು. ಇಬ್ಬರೂ ಗಂಟೆಗಟ್ಟಲೆ ಆಲಿವ್ ಮರಗಳ ಸಾಲು ನೋಡುತ್ತಾ ಒಂದು ಮಾತೂ ಇಲ್ಲದೆ ಸಾಗುತ್ತಿದ್ದರು.

ಆ ದಿನಗಳು ನನ್ನ ನೆನಪಿನಲ್ಲಿ ಒಂದರೊಳಗೊಂದು ಕರಗಿಹೋಗಿವೆ. ಬಿಳಿ ಗೋಡೆಯ ಊರು, ಏರುವ ಓಣಿ, ಬಾಗಿಲಿಗೆ ತೂಗುಬಿಟ್ಟ ಪರದೆ, ಒಳಗೆ ಎಲ್ಲೋ ಚಮಚದ ಸದ್ದು. ಮತ್ತೊಂದು ಬಿಳಿ ಊರು. ಮಧ್ಯಾಹ್ನವಾದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುತ್ತಿತ್ತು. ನಾವೂ ಮಲಗುತ್ತಿದ್ದೆವು. ಎದ್ದಾಗ ಕಿಟಕಿಯ ಹಲಗೆಗಳ ಸಂದಿನಿಂದ ಬಿಸಿಲು ಹಾಸಿಗೆಯ ಮೇಲೆ ಗೆರೆ ಎಳೆದಿರುತ್ತಿತ್ತು. ಒಂದು ಕ್ಷಣ ಇದು ಅವ್ವನ ಮನೆಯ ಬೇಸಿಗೆಯೋ, ಶೋವ್ಡೆಯೋ, ನಾನು ಇನ್ನೂ ಬಸುರಿಯೋ ಒಂದೂ ತಿಳಿಯುತ್ತಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ಮಲಗಿರುತ್ತಿದ್ದೆ. ಪಕ್ಕದಲ್ಲಿ ಗಂಡ ಕಣ್ಣು ತೆರೆದೇ ಮಲಗಿರುತ್ತಿದ್ದರು.

ಟೀಚರ್ ಹಳೆಯ ಅರಬರ ಕಾಲದ ಕಮಾನುಗಳನ್ನು ತೋರಿಸಿ, ನಾವು ಬೆರಗಾಗಲೆಂದು ನಮ್ಮ ಮುಖವನ್ನೇ ನೋಡುತ್ತಿದ್ದರು. ವಿಜಯಪುರದವರಾದ ನಮಗೆ ಕಮಾನೇನು ಹೊಸದಲ್ಲ. ಆಡು ಕಟ್ಟಿದ ಕಮಾನು, ಸೈಕಲ್ ಪಂಕ್ಚರ್ ಹಾಕುವ ಕಮಾನು, ಮಳೆ ಬಂದರೆ ಓಡಿಹೋಗಿ ನಿಲ್ಲುವ ಕಮಾನು ನೋಡಿಕೊಂಡೇ ಬೆಳೆದವರು ನಾವು. ಆದರೂ ಅವರ ಮನಸ್ಸು ನೋಯಿಸಬಾರದೆಂದು ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಿದ್ದೆ.

ಊಟದ ವಿಷಯದಲ್ಲಿ ಮಾತ್ರ ನಿಜವಾಗಿ ಬೆರಗಾದೆ. ಹಂದಿ ಬೇಡ, ವೈನ್ ಬೇಡ ಎಂದು ಟೀಚರಿಗೆ ಮೊದಲೇ ಹೇಳಿದ್ದೆ. ಅವರು ಅದನ್ನು ವ್ರತದಂತೆ ಪಾಲಿಸಿದರು. ಹಂದಿಯ ತೊಡೆಗಳು ಸಾಲಾಗಿ ನೇತಾಡುವ ಹೋಟೆಲಿಗೆ ತಾವು ಮೊದಲು ನುಗ್ಗಿ ಅಡುಗೆಯವರಿಗೆ ಪಾಠ ಮಾಡಿ, ಆಮೇಲೆ ನಮ್ಮನ್ನು ಒಳಗೆ ಕರೆಯುತ್ತಿದ್ದರು. ಬಾದಾಮಿ, ಬೆಳ್ಳುಳ್ಳಿ ಅರೆದ ತಣ್ಣನೆಯ ಬಿಳಿ ಸಾರು, ಅದರಲ್ಲಿ ತೇಲುವ ದ್ರಾಕ್ಷಿ. ಜೀರಿಗೆ ಹಾಕಿ ಬೇಯಿಸಿದ ಪಾಲಕ್ ಮತ್ತು ಕಡಲೆ. ಬದನೆಕಾಯಿಯನ್ನು ಉದ್ದಕ್ಕೆ ಹೆಚ್ಚಿ ಕರಿದು ಮೇಲೆ ಕಬ್ಬಿನ ಪಾಕ ಸುರಿದ ತಿನಿಸು. ಬದನೆಕಾಯಿಗೆ ಜೋನಿಬೆಲ್ಲ ಸುರಿಯುವ ಮಂದಿ ಲೋಕದಲ್ಲಿ ಇದ್ದಾರೆಂದು ನಮ್ಮೂರಲ್ಲಿ ಹೇಳಿದರೆ ನಗುತ್ತಾರೆ. ನಾನೂ ನಕ್ಕೆ, ಆಮೇಲೆ ಬಾಯಿ ಮುಚ್ಚಿಕೊಂಡು ತಿಂದೆ.

ಅಲ್ಲಿ ಎಲ್ಲವನ್ನೂ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಮೇಜಿನ ನಡುವೆ ಇಡುತ್ತಾರೆ, ಎಲ್ಲರೂ ಹಂಚಿಕೊಂಡು ತಿನ್ನಬೇಕು. ಮೊದಲ ದಿನವೇ ಕಂಡದ್ದು ಇದು: ಪ್ರತಿ ತಟ್ಟೆಯಲ್ಲೂ ಒಂದು ತುಂಡು ಉಳಿಯುತ್ತಿತ್ತು. ಒಂದೇ ಒಂದು. ಎಲ್ಲರೂ ಅದರತ್ತ ನೋಡುವರು, ಯಾರೂ ಕೈ ಹಾಕರು. ಇದು ಸ್ವೀಡನ್ನಿನವರ ಸಂಕೋಚ. ಕೊನೆಯ ತುಂಡಿಗೆ ಕೈ ಹಾಕಿದವನು ಹೊಟ್ಟೆಬಾಕ ಎನಿಸಿಕೊಳ್ಳುತ್ತಾನೆಂಬ ನಾಚಿಕೆ. ಆಫೀಸಿನಲ್ಲಿ ಕೇಕ್ ಕತ್ತರಿಸಿದರೆ ಕೊನೆಯ ಚೂರನ್ನು ಅರ್ಧ, ಆ ಅರ್ಧದಲ್ಲಿ ಮತ್ತೆ ಅರ್ಧ ಮಾಡಿ, ಕಾಣದಷ್ಟಾದ ಮೇಲೂ ಬಿಟ್ಟು ಹೋಗುವವರು ಅವರು. ಲೈಬ್ರರಿಯ ಮಾತುಕತೆಯಲ್ಲಿ ಟೀಚರೇ ಇದನ್ನು ಹೇಳಿ ನಗಿಸಿದ್ದರು. ನನ್ನ ಗಂಡನಿಗೆ ಇದು ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅವರು ತಮ್ಮ ಡಬ್ಬಿ ತಾವು ಬಿಚ್ಚಿ ಉಣ್ಣುವವರು.

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ನನ್ನ ತವರಿನಲ್ಲಿ ತಟ್ಟೆಯಲ್ಲಿ ಅಗುಳೂ ಬಿಡುವಂತಿಲ್ಲ. ಬರಕತ್, ದೇವರ ಕೃಪೆ, ಯಾವ ತುತ್ತಿನಲ್ಲಿದೆಯೋ ಯಾರಿಗೆ ಗೊತ್ತು ಎಂದು ಅಪ್ಪ ಬೆರಳಿನಿಂದ ತಟ್ಟೆ ಬಳಿದು ತೋರಿಸುತ್ತಿದ್ದರು. ಗಂಡನ ಮನೆಯಲ್ಲಿ ತದ್ವಿರುದ್ಧ. ಬುಟ್ಟಿಯಲ್ಲಿ ಕೊನೆಯ ರೊಟ್ಟಿಯನ್ನು ಮುರಿಯುವಂತಿಲ್ಲ. ಅದು ಬರುವವರ ಪಾಲು. ದಾರಿಹೋಕನೋ ನೆಂಟನೋ, ಬಾಗಿಲು ತಟ್ಟಿದವನಿಗೆ ಇಲ್ಲ ಎನ್ನಬಾರದೆಂದು ಅವರ ಅಜ್ಜಿಯ ಕಾಲದಿಂದ ಬಂದ ರೂಢಿ. ಮದುವೆಯಾದ ಹೊಸದರಲ್ಲಿ ಇದೇ ವಿಷಯಕ್ಕೆ ದಿನಾ ಜಗಳ. ಶೋವ್ಡೆಯಲ್ಲಿ ಹೇಳದೆ ಕೇಳದೆ ಯಾರು ಬಂದು ಬಾಗಿಲು ತಟ್ಟುತ್ತಾರೆ, ಎರಡು ವಾರ ಮುಂಚೆ ಮೆಸೇಜ್ ಮಾಡದೆ ಇಲ್ಲಿ ನೊಣವೂ ಬರುವುದಿಲ್ಲ ಎಂದು ನಾನು ರೇಗುತ್ತಿದ್ದೆ. ನಾನು ಬಸುರಿಯಾದ ಮೇಲೆ ಜಗಳ ನಿಂತಿತು. ಅವರು ಬುಟ್ಟಿ ಮುಚ್ಚಿಡುತ್ತಾ ನನ್ನ ಹೊಟ್ಟೆಯ ಕಡೆ ನೋಡಿ, "ಬರೋರ ಪಾಲು" ಎನ್ನುತ್ತಿದ್ದರು. ಆ ಮಗು ಹೋದ ಮೇಲೆ ಅವರು ಬುಟ್ಟಿಯಲ್ಲಿ ಏನನ್ನೂ ಉಳಿಸಲಿಲ್ಲ. ಹಸಿವಿಲ್ಲದಿದ್ದರೂ ಕೊನೆಯ ರೊಟ್ಟಿಯನ್ನು ತಾವೇ ತಿಂದು, ಬುಟ್ಟಿ ಕೊಡವಿ ಬೋರಲು ಹಾಕುತ್ತಿದ್ದರು. ಅದನ್ನು ನೋಡಲಾರದೆ ನಾನು ಅಡುಗೆಮನೆಯಿಂದ ಹೊರಗೆ ಹೋಗುತ್ತಿದ್ದೆ.

ಪ್ರಿಯೇಗೋ ಎಂಬ ಊರಿನಲ್ಲಿ, ಎಣ್ಣೆ ಗಾಣ ನೋಡಿ ಬಂದು ಊಟಕ್ಕೆ ಕೂತಿದ್ದೆವು. ಬದನೆಕಾಯಿಯ ಒಂದು ತುಂಡು ಉಳಿದಿತ್ತು. ಅಜ್ಜ ಅದನ್ನೇ ನೋಡುತ್ತಿದ್ದರು. ನನಗೆ ತಾಳ್ಮೆ ತಪ್ಪಿ, ಇವರ ಸಂಕೋಚಕ್ಕೆ ಒಳ್ಳೆಯ ತಿನಿಸು ಯಾಕೆ ಕಸಕ್ಕೆ ಹೋಗಬೇಕೆಂದು ಕೈ ಚಾಚಿದೆ. ನನ್ನ ಗಂಡ ಮಣಿಕಟ್ಟು ಹಿಡಿದರು.

"ಬಿಡು. ಅದು ಅವರ ಪಾಲೈತಿ."

"ಯಾರ ಪಾಲು?"

"ಅಜ್ಜನ ಹೆಂಡತೀದು. ದಿನಾ ಆಕಿಗೆ ಬಿಡ್ತಾರ, ನೋಡಿಲ್ಲೇನು?"

ತಿಂಗಳುಗಳ ನಂತರ ಅವರು ನನ್ನೊಡನೆ ಆಡಿದ, ಹಾಲು ಬಟ್ಟೆಗಳಿಗೆ ಸಂಬಂಧವಿಲ್ಲದ ಮೊದಲ ಮಾತು ಅದು. ನಿಜ ಸಂಗತಿ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಆ ತಪ್ಪು ತಿಳಿವಳಿಕೆಯೊಳಗೆ ನನ್ನ ಗಂಡ ಇನ್ನೂ ಬದುಕಿದ್ದಾರೆಂದು ಕಂಡಿತು, ಅದನ್ನು ಒಡೆಯಲು ಧೈರ್ಯ ಸಾಲಲಿಲ್ಲ. ಅಂದಿನಿಂದ ಅವರು ಆ ತುಂಡುಗಳ ಕಾವಲಿಗೆ ನಿಂತರು. ವೇಟರ್ ತಟ್ಟೆ ಎತ್ತಲು ಬಂದರೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಪಾಪದ ವೇಟರ್ ಟೀಚರ್ ಮುಖ ನೋಡುತ್ತಿದ್ದ, ಟೀಚರ್ ನನ್ನ ಮುಖ ನೋಡುತ್ತಿದ್ದರು, ನಾನು ಸೂರು ನೋಡುತ್ತಿದ್ದೆ.

ಇನ್ನೊಂದು ಊರಿನಲ್ಲಿ ಸನ್ಯಾಸಿನಿಯರ ಮಠಕ್ಕೆ ಸಿಹಿ ಕೊಳ್ಳಲು ಹೋದೆವು. ಅವರು ಹೊರಗಿನವರಿಗೆ ಮುಖ ತೋರಿಸುವುದಿಲ್ಲ. ಗೋಡೆಯಲ್ಲಿ ತಿರುಗುವ ಒಂದು ಮರದ ಗೂಡಿದೆ. ಬೇಕಾದ್ದನ್ನು ಹೇಳಿದರೆ ಗೂಡು ತಿರುಗಿ ಸಿಹಿಯ ಪೆಟ್ಟಿಗೆ ಈಚೆ ಬರುತ್ತದೆ. ಒಳಗಿನಿಂದ ತೆಳ್ಳನೆಯ, ವಯಸ್ಸಾದ ಒಂದು ದನಿ. ಮೊಟ್ಟೆಯ ಹಳದಿ ಮತ್ತು ಸಕ್ಕರೆಯ ಉಂಡೆಗಳನ್ನು ಕೊಂಡು ಎಲ್ಲರೂ ಹೊರಟ ಮೇಲೂ ನನ್ನ ಗಂಡ ಅಲ್ಲೇ ನಿಂತರು. ಗೂಡಿನ ಮೇಲೆ ಕೈಯಿಟ್ಟಿದ್ದರು. ಒಳಗಿನ ದನಿ ಏನೋ ಕೇಳಿತು. "ಇನ್ನೂ ಏನಾದರೂ ಬೇಕಾ ಅಂತ ಕೇಳ್ತಿದ್ದಾರೆ" ಎಂದರು ಟೀಚರ್. ಇವರು ಆ ಗೋಡೆಗೆ, ಕನ್ನಡದಲ್ಲೇ, "ಏನಿಲ್ಲವ್ವಾ" ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ಕಾಣದ ಮುದುಕಿಗೆ ಸಿಕ್ಕ ದನಿ ಮನೆಯಲ್ಲಿರುವ ನನಗೆ ಸಿಗಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಅತ್ತುಬಿಟ್ಟೆ. ಬಿಸಿಲಿಗೆ ಕಣ್ಣು ಉರಿಯುತ್ತಿದೆ ಎಂದೆ, ಎಲ್ಲರೂ ನಂಬಿದರು.

ಪ್ರವಾಸ ಮುಗಿಯಿತು. ಶೋವ್ಡೆಗೆ ಬಂದಾಗ ಮರಗಳು ಬೋಳಾಗಿದ್ದವು. ಅವರು ಮಗಳ ಬಗ್ಗೆ ಒಂದಕ್ಷರ ಆಡಿರಲಿಲ್ಲ. ನಾನು ಅವ್ವನಿಗೆ ಫೋನ್ ಮಾಡಿ ಬರುತ್ತಿದ್ದೇನೆ ಎಂದೆ. ಅವ್ವ ಏನೂ ಕೇಳಲಿಲ್ಲ, ನಿನ್ನ ಕೋಣೆಗೆ ಸುಣ್ಣ ಹೊಡಿಸ್ತೀನಿ ಎಂದಳು.

ಹೊರಡುವ ಮುನ್ನ ಒಂದು ಭಾನುವಾರ ಟೀಚರ್ ತಮ್ಮ ಮನೆಗೆ ಎಲ್ಲರನ್ನೂ ಕರೆದರು. ಪ್ರವಾಸ ಮುಗಿಸಿ ಬಂದವರು ಮತ್ತೆ ಒಮ್ಮೆ ಸೇರಿ ಫೋಟೋ ನೋಡುವುದು ಇಲ್ಲಿಯ ವಾಡಿಕೆ. ಒಬ್ಬೊಬ್ಬರು ಅಲ್ಲಿ ತಿಂದದ್ದನ್ನು ಒಂದೊಂದು ಮಾಡಿ ತರಬೇಕು. ನಾನು ಬದನೆಕಾಯಿ ಕರಿದೆ, ಕಬ್ಬಿನ ಪಾಕ ಸಿಗದೆ ಇಲ್ಲಿಯವರು ಬ್ರೆಡ್ಡಿಗೆ ಹಾಕುವ ಕಪ್ಪು ಸಿರಪ್ ಸುರಿದೆ. ಎಲ್ಲರಿಗೂ ಹಿಡಿಸಿತು. ಹೊರಗೆ ಮಧ್ಯಾಹ್ನವೇ ಕತ್ತಲು ಇಳಿಯತೊಡಗಿತ್ತು, ಟೀಚರ್ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿದ್ದರು. ಗೋಡೆಯ ಮೇಲೆ ಬಿಳಿ ಊರುಗಳು ಒಂದರ ಹಿಂದೊಂದು ಬಂದು ಹೋದವು. ನಾವೇ ಅಲ್ಲಿದ್ದೆವೆಂದು ನಂಬಲಾಗಲಿಲ್ಲ.

ಫೋಟೋ ಮುಗಿದ ಮೇಲೆ ಟೀಚರ್ ನನ್ನ ಬದನೆಕಾಯಿಯ ತಟ್ಟೆ ಎತ್ತಲು ಬಂದರು. ಒಂದು ತುಂಡು ಉಳಿದಿತ್ತು. ನನ್ನ ಗಂಡ ಕೈ ಅಡ್ಡ ಹಿಡಿದರು. ಅಜ್ಜನ ಕಡೆ ತಿರುಗಿ ತಮ್ಮ ಮುರುಕು ಸ್ವೀಡಿಷಿನಲ್ಲಿ ಕೇಳಿಯೇಬಿಟ್ಟರು: "ಇದು ನಿಮ್ಮ ಹೆಂಡತಿಗೆ ಅಲ್ವಾ?"

ಅಜ್ಜ ಕಾಫಿ ಕಪ್ಪು ಕೆಳಗಿಟ್ಟರು. "ನನ್ನ ಹೆಂಡತಿಗಾ?"

"ಸ್ಪೇನಿನಲ್ಲಿ ದಿನಾ ಬಿಡ್ತಿದ್ರಿ."

ಅಜ್ಜನ ಮುಖ ಕೆಂಪಾಯಿತು. "ಇಲ್ಲಪ್ಪ. ನನಗೇ ತಿನ್ನಬೇಕು ಅಂತ ಆಸೆ. ತಗೊಳ್ಳೋಕೆ ನಾಚಿಕೆ, ಅಷ್ಟೇ. ಪ್ರತಿ ಊಟದಲ್ಲೂ ಆಸೆ, ಪ್ರತಿ ಊಟದಲ್ಲೂ ನಾಚಿಕೆ."

ಎಲ್ಲರೂ ಘೊಳ್ಳೆಂದು ನಕ್ಕರು. ನಾನು ಇವರ ಮುಖವನ್ನೇ ನೋಡಿದೆ. ಇವರೂ ನಕ್ಕರು. ಹತ್ತು ತಿಂಗಳಿಂದ ಕಾಣದ ನಗು. ನಗುತ್ತಲೇ, "ನಮ್ಮ ಮನೆಯಲ್ಲಿ ಹೀಗೆ ಬಿಡೋದು ಬರುವವರಿಗೆ" ಎಂದರು. ನಗು ನಿಂತಿತು. ತಟ್ಟೆಯನ್ನು ಸ್ವಲ್ಪ ಮುಂದೆ ಸರಿಸಿದರು.

"ನಮ್ಮ ಮನೆಗೆ ಒಬ್ಬಳು ಬರಬೇಕಿತ್ತು. ಮಗಳು. ಬರಲಿಲ್ಲ."

ಯಾರೂ ಅಯ್ಯೋ ಎನ್ನಲಿಲ್ಲ, ಯಾರೂ ಬೆನ್ನು ಸವರಲಿಲ್ಲ. ಸ್ವೀಡನ್ನಿನವರ ಮೌನವನ್ನು ನಾನು ಎಷ್ಟೋ ಸಲ ಆಡಿಕೊಂಡಿದ್ದೇನೆ. ಅವತ್ತು ಅದು ನನ್ನ ಗಂಡನ ಮಾತಿಗೆ ಜಾಗ ಬಿಟ್ಟು ಕೂತಿತ್ತು. ಅಜ್ಜ ಕೇಳಿದರು, "ಅವಳ ಹೆಸರೇನು?"

ನಾವು ಅವಳಿಗೆ ಹೆಸರಿಟ್ಟಿರಲಿಲ್ಲ. ಹಾಗೆಂದು ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಒಂದು ಹೆಸರು ಹೇಳಿದರು. ನಾನು ಎಂದೂ ಕೇಳದ ಹೆಸರು. ಅಜ್ಜ ಅದನ್ನು ತಮ್ಮ ನಾಲಿಗೆಗೆ ಬಂದ ಹಾಗೆ ತಿರುಚಿ ಒಮ್ಮೆ ಹೇಳಿಕೊಂಡು ತಲೆಯಾಡಿಸಿದರು. ಟೀಚರ್ ಎಲ್ಲರಿಗೂ ಕಾಫಿ ಬಗ್ಗಿಸಿದರು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮದು.

ಮನೆಗೆ ನಡೆದು ಹೊರಟೆವು. ಸಣ್ಣಗೆ ಹಿಮ ಬೀಳುತ್ತಿತ್ತು. ನನಗೆ ಸಮಾಧಾನವಾಗಬೇಕಿತ್ತು, ಆಗಿದ್ದು ಸಿಟ್ಟು. ಕೆರೆಯ ಪಕ್ಕದ ದಾರಿಗೆ ಬರುವವರೆಗೆ ಹಲ್ಲು ಕಚ್ಚಿಕೊಂಡಿದ್ದೆ, ಅಲ್ಲಿ ನಿಂತುಬಿಟ್ಟೆ.

"ನಾನು ಹಡದಾಕಿ. ಅವರಿಗೆ ಹೇಳಿದ್ರಿ, ನನಗ್ಯಾಕ ಹೇಳಲಿಲ್ಲ?"

"ಸ್ವೀಡಿಷ್‌ನ್ಯಾಗ ಹೇಳಾಕ ಬಂತು" ಎಂದರು. "ನಮ್ಮ ಮಾತಿನ್ಯಾಗ ಬಾಯಿಗೆ ಬರವಲ್ದು."

"ಯಾವಾಗ ಇಟ್ರಿ ಹೆಸರು?"

"ನಿನ್ನ ಹೊಟ್ಟ್ಯಾಗ ಇದ್ದಾಗನ. ಫ್ಯಾಕ್ಟರಿ ಬಸ್ಸಿನ್ಯಾಗ ದಿನಾ ಕರೀತಿದ್ದೆ. ಮನಸಿನ್ಯಾಗ. ಈಗೂ ಕರೀತೀನಿ."

ದಿನಾ ಎದ್ದು ಹೋಗಿ ಕಿಟಕಿಯ ಬಳಿ ಮೂಕನಂತೆ ನಿಲ್ಲುತ್ತಿದ್ದ ಮನುಷ್ಯ ಅಲ್ಲಿ ನಿಂತು ಏನು ಮಾಡುತ್ತಿದ್ದನೆಂದು ನನಗೆ ಆಗ ತಿಳಿಯಿತು. ಸಿಟ್ಟು ಹೋಗಲಿಲ್ಲ.

"ಹಂಗಾರ ಈಗ ಕರೀರಿ" ಎಂದೆ. "ಮನಸಿನ್ಯಾಗ ಬ್ಯಾಡ. ನನಗ ಕೇಳೂವಂಗ ಕರೀರಿ."

ಅವರ ತುಟಿ ಅಲುಗಿತು, ದನಿ ಬರಲಿಲ್ಲ. ಆಮೇಲೆ ಕೆರೆಯ ಕಡೆ ಮುಖ ಮಾಡಿ, ಓಣಿಯಲ್ಲಿ ಆಡಲು ಹೋದ ಮಗುವನ್ನು ಊಟಕ್ಕೆ ಕರೆಯುವ ಹಾಗೆ, ಆ ಹೆಸರನ್ನು ಉದ್ದಕ್ಕೆ ಎಳೆದು ಕರೆದರು. ಹಿಮದಲ್ಲಿ ಆ ದನಿ ದೂರ ಹೋಗಲಿಲ್ಲ. ಅವರು ಕಿವಿಗೊಟ್ಟು ನಿಂತೇ ಇದ್ದರು.

ಕರೆದವರನ್ನು ಹಾಗೆ ಕಾಯಿಸಬಾರದು.

"ಓ" ಎಂದೆ.